ಹಾರುವ ಸರ್ಪ ಕತ್ತಿಗೂ ಎಟುಕಬೇಕು

ಪ್ರಶ್ನೆ: ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯ (2014ರ ನಿಯಮ) ಆಟಕ್ಕೆ ನಾನೇ ಒಂದು ಹಾರುವ ಸರ್ಪ ಮಾಡಿದ್ದೇನೆ. ಎಸಿ (ಏಟು ತಗಲಲು ದಾಳ ಮುಟ್ಟಬೇಕಾದ ಅಂಕ) 15, ಹಿಟ್ ಪಾಯಿಂಟ್ (ಜೀವಬಲ) 110, ಹಾರಾಟದ ವೇಗ 80 ಅಡಿ, ಕಚ್ಚುವ ರೀಚ್ (ಎಟುಕುವ ದೂರ) 10 ಅಡಿ. ಪ್ರತಿ ಸರದಿಯಲ್ಲೂ 60 ಅಡಿ ದೂರಕ್ಕೆ ಆಸಿಡ್ ಉಗುಳುತ್ತದೆ (4ಡಿ6, ಅಂದರೆ ಆರು ಮುಖದ ನಾಲ್ಕು ದಾಳಗಳ ಮೊತ್ತದಷ್ಟು ಡ್ಯಾಮೇಜ್). ಎದುರಿಗೆ 5ನೇ ಲೆವೆಲ್‌ನ ಫೈಟರ್ (ಯೋಧ), ರೋಗ್ (ಹೊಂಚಿ ಹೊಡೆಯುವವರು), ಕ್ಲೆರಿಕ್ (ದೈವಮಂತ್ರದವರು), ವಿಜರ್ಡ್ (ಮಂತ್ರವಾದಿ). ಮೊದಲ ಗುಂಪು ಸಾಯುವುದೊಂದು ಬಾಕಿ. ಫೈಟರ್ ಆಡುವವರು ಪೂರ್ತಿ ಹೊತ್ತು ಕೈಕಟ್ಟಿ ಕೂತಿದ್ದರು. ಎರಡನೇ ಗುಂಪಿನ ಫೈಟರ್ ಟ್ರಿಪ್ ಅಟ್ಯಾಕ್‌ನಿಂದ ಅದನ್ನು ಕೆಳಗೆ ಬೀಳಿಸಿದರು, ಎರಡೇ ಸುತ್ತಿನಲ್ಲಿ ಕಥೆ ಮುಗಿಯಿತು. ಎಸಿ ಏರಿಸಲೇ, ಹಿಟ್ ಪಾಯಿಂಟ್ ಇಳಿಸಲೇ?

ಉತ್ತರ: ಎರಡೂ ಬೇಡ. ಎಸಿ ಏರಿಸಿದರೆ ಈಗಾಗಲೇ ಕಷ್ಟದಲ್ಲಿರುವ ಫೈಟರ್‌ಗೇ ಮೊದಲ ಪೆಟ್ಟು. ಹಿಟ್ ಪಾಯಿಂಟ್ ಇಳಿಸಿದರೆ ಸರ್ಪ ಬಿದ್ದ ಕೂಡಲೇ ಸಾಯುತ್ತದೆ. ಮಾಡಬೇಕಾದದ್ದು ಒಂದೇ: ಅದು ಪ್ರತಿ ಎರಡು ಸುತ್ತಿಗೆ ಒಮ್ಮೆಯಾದರೂ ಕತ್ತಿಗೆ ಎಟುಕುವ ಹಾಗೆ ನೋಡಿಕೊಳ್ಳುವುದು.

ಮೊದಲು ಲೆಕ್ಕ. ನಿಮ್ಮ ಆಟಗಾರರ ಹೊಡೆತದ ಬೋನಸ್ (20 ಮುಖದ ದಾಳಕ್ಕೆ ಕೂಡಿಸುವ ಅಂಕ) +7 ಎಂದಿಟ್ಟುಕೊಂಡರೆ ಎಸಿ 15ರ ಎದುರು ಶೇ 65 ಏಟು ತಗಲುತ್ತವೆ. ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗಿನ ಹೆಚ್ಚಿನ ಪೆಟ್ಟು) ಬಿಟ್ಟು ಲೆಕ್ಕ ಹಾಕೋಣ. ಸರ್ಪ ನೆಲದ ಮೇಲಿದ್ದರೆ ಗ್ರೇಟ್‌ಸ್ವೋರ್ಡ್ ಹಿಡಿದ ಫೈಟರ್ ಒಂದು ಸುತ್ತಿನಲ್ಲಿ ಸರಾಸರಿ 14 ಡ್ಯಾಮೇಜ್ ಮಾಡುತ್ತಾರೆ, ರೋಗ್ 12, ವಿಜರ್ಡ್ ಬಿಡುವ ಫೈರ್ ಬೋಲ್ಟ್ ಮಂತ್ರ 7, ಕ್ಲೆರಿಕ್ ಬಿಡುವ ಸೇಕ್ರೆಡ್ ಫ್ಲೇಮ್ 5. ಒಟ್ಟು 38, ಮೂರು ಸುತ್ತಿನ ಕಾಳಗ. ಅದೇ ಸರ್ಪ 60 ಅಡಿ ಮೇಲಿದ್ದರೆ ಜಾವೆಲಿನ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಉರುಳಿಸಿ ಚಿಕ್ಕದನ್ನು ಹಿಡಿಯುವುದು), ಏಕೆಂದರೆ ಅದರ ಸಹಜ ದೂರ 30 ಅಡಿ ಮಾತ್ರ. ಒಂದು ಸುತ್ತಿನಲ್ಲಿ ಒಂದು ಜಾವೆಲಿನ್ (ಎಸೆಯುವ ಈಟಿ) ಅಷ್ಟೇ ಪುಕ್ಕಟೆಯಾಗಿ ತೆಗೆದು ಎಸೆಯಬಹುದು. ಹಾಗಾಗಿ ಫೈಟರ್ 14ರಿಂದ 3ಕ್ಕೆ ಇಳಿಯುತ್ತಾರೆ. ರೋಗ್ ಕಥೆಯನ್ನು ಬಹಳಷ್ಟು ಡಿಎಂಗಳು (ಆಟ ನಡೆಸುವವರು) ಗಮನಿಸುವುದೇ ಇಲ್ಲ: ಆಕಾಶದಲ್ಲಿರುವ ಗುರಿಯ 5 ಅಡಿಯೊಳಗೆ ಜೊತೆಗಾರ ಯಾರೂ ಇರುವುದಿಲ್ಲ, ಅಡಗಿಕೊಂಡು ಹೊಡೆಯದಿದ್ದರೆ ಸ್ನೀಕ್ ಅಟ್ಯಾಕ್ (ರೋಗ್ ಮಾಡುವ ಹೆಚ್ಚುವರಿ ಡ್ಯಾಮೇಜ್) ಸಿಗುವುದಿಲ್ಲ. 12 ಇದ್ದದ್ದು 5 ಆಗುತ್ತದೆ. ಒಟ್ಟು ಸುಮಾರು 20, ಆರು ಸುತ್ತು. ಅಂದರೆ ನಿಮ್ಮ ಸರ್ಪಕ್ಕೆ ಮೂರು ಸುತ್ತು ಆಸಿಡ್ ಹೆಚ್ಚುವರಿಯಾಗಿ ಸಿಕ್ಕಿತು. ಸರಾಸರಿ 14ರಂತೆ 42 ಡ್ಯಾಮೇಜ್. 5ನೇ ಲೆವೆಲ್‌ನ ವಿಜರ್ಡ್ ಒಬ್ಬರ ಪೂರ್ತಿ ಹಿಟ್ ಪಾಯಿಂಟ್ ಸಾಮಾನ್ಯವಾಗಿ ಅಷ್ಟಿರುವುದಿಲ್ಲ.

'ರೆಡಿ ಮಾಡಿಕೊಂಡು ಕಾಯಲಿ, ಹತ್ತಿರ ಬಂದಾಗ ಹೊಡೆಯಲಿ' ಎನ್ನುವುದು ಪೂರ್ತಿ ಪರಿಹಾರವಲ್ಲ. ರೆಡಿ ಮಾಡಿದ ಏಟು ರಿಯಾಕ್ಷನ್‌ನಲ್ಲಿ, ಅಂದರೆ ಬೇರೆಯವರ ಸರದಿಯಲ್ಲಿ, ನಡೆಯುತ್ತದೆ. ಎಕ್ಸ್‌ಟ್ರಾ ಅಟ್ಯಾಕ್ ಇರುವುದು ಸ್ವಂತ ಸರದಿಗೆ ಮಾತ್ರ. ಎರಡು ಏಟಿನ ಫೈಟರ್‌ಗೆ ಒಂದೇ ಏಟು. ಅದಕ್ಕಿಂತ ದೊಡ್ಡ ತೊಡಕು ನಿಮ್ಮ 10 ಅಡಿ ರೀಚ್. ಸರ್ಪ 10 ಅಡಿ ದೂರದಿಂದಲೇ ಕಚ್ಚಿ ಮೇಲೇರಿದರೆ 5 ಅಡಿ ಕತ್ತಿಗೆ ಅದು ಒಮ್ಮೆಯೂ ಎಟುಕುವುದಿಲ್ಲ, ಆಪರ್ಚುನಿಟಿ ಅಟ್ಯಾಕ್ (ಎಟುಕಿನಿಂದ ಹೊರಹೋಗುವವರಿಗೆ ಬೀಳುವ ಏಟು) ಕೂಡ ಬರುವುದಿಲ್ಲ. ಫ್ಲೈಬೈ (ಹಾರಿಹೋಗುವಾಗ ಆ ಏಟು ತಪ್ಪಿಸುವ ಗುಣ) ಕೊಡದೆಯೇ ಫ್ಲೈಬೈ ಕೊಟ್ಟ ಹಾಗಾಯಿತು. 80 ಅಡಿ ವೇಗ, 10 ಅಡಿ ರೀಚ್, ಪ್ರತಿ ಸರದಿಗೂ ದೂರದ ದಾಳಿ: ಈ ಮೂರು ಒಟ್ಟಿಗೆ ಇರಲೇಬಾರದು.

ಎರಡನೇ ಗುಂಪಿನಲ್ಲಿ ಆದದ್ದು ಇದರ ತಿರುವು. ಹಾರುವ ಪ್ರಾಣಿ ಪ್ರೋನ್ (ಉರುಳಿಬಿದ್ದ ಸ್ಥಿತಿ) ಆದರೆ, ವೇಗ ಸೊನ್ನೆಯಾದರೆ, ಅಥವಾ ಬೇರಾವ ರೀತಿಯಲ್ಲಾದರೂ ಅಲುಗಾಡದಂತಾದರೆ, ಹೋವರ್ (ಗಾಳಿಯಲ್ಲೇ ನಿಲ್ಲುವ ಶಕ್ತಿ) ಇಲ್ಲದಿದ್ದಲ್ಲಿ, ಬೀಳುತ್ತದೆ. 60 ಅಡಿಯಿಂದ ಬಿದ್ದರೆ 6ಡಿ6, ಸರಾಸರಿ 21. ತಗಲಿದ ಜಾವೆಲಿನ್ ಮತ್ತು ಸುಪೀರಿಯಾರಿಟಿ ಡೈ (ಟ್ರಿಪ್ ಅಟ್ಯಾಕ್ ಕೊಡುವ ಹೆಚ್ಚುವರಿ ದಾಳ) ಸೇರಿ 12. ಬಿದ್ದ ಸರ್ಪದ ಪಕ್ಕಕ್ಕೆ ಓಡಿಬರುವ ರೋಗ್‌ಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯುವುದು), ಅದರ ಜೊತೆಗೇ ಸ್ನೀಕ್ ಅಟ್ಯಾಕ್: ಸರಾಸರಿ 16. ಕ್ಲೆರಿಕ್ 5. ಸರ್ಪ ಎದ್ದು ನಿಲ್ಲುವುದರೊಳಗೆ 54 ಹೋಯಿತು, ಅರ್ಧ ಜೀವ.

ಈಗ ತಿದ್ದುಪಡಿ. ಹಾರಾಟದ ವೇಗ 60 ಅಡಿಗೆ ಇಳಿಸಿ, ಕಚ್ಚುವ ರೀಚ್ 5 ಅಡಿ ಮಾಡಿ. 30 ಅಡಿ ಮೇಲಿಂದ ಎರಗಿ, ಕಚ್ಚಿ, ಮತ್ತೆ 30 ಅಡಿಗೆ ಏರಲು ಅಷ್ಟು ವೇಗ ಸಾಕು, ಅದಕ್ಕಿಂತ ದೂರ ಹೋಗಲಾಗದು. ಆ ಎತ್ತರದಲ್ಲಿ ಜಾವೆಲಿನ್‌ಗೆ ಡಿಸ್‌ಅಡ್ವಾಂಟೇಜ್ ಇಲ್ಲ. ಎಡಗೈಯಲ್ಲಿ ಕತ್ತಿ ಹಿಡಿದು ಬಲಗೈಯಲ್ಲಿ ಜಾವೆಲಿನ್ ಎಸೆದ ಫೈಟರ್‌ಗೆ 5, ಸರ್ಪ ಕಚ್ಚಿ ಮೇಲೇರುವಾಗ ಆಪರ್ಚುನಿಟಿ ಅಟ್ಯಾಕ್‌ನಲ್ಲಿ 7. ಒಟ್ಟು 12, ನೆಲದ ಮೇಲಿನ 14ಕ್ಕೆ ಹತ್ತಿರ. ಪಕ್ಕದಲ್ಲೇ ನಿಂತ ರೋಗ್‌ಗೂ ಆ ಹೊತ್ತಿನಲ್ಲಿ ಸ್ನೀಕ್ ಅಟ್ಯಾಕ್ ಸಿಗುತ್ತದೆ, ಅದು ಸರದಿಗೊಮ್ಮೆ ಎಂಬ ನಿಯಮ ಇನ್ನೊಬ್ಬರ ಸರದಿಗೂ ಅನ್ವಯಿಸುತ್ತದೆ.

ಆಸಿಡ್ ಪ್ರತಿ ಸರದಿಗೂ ಬೇಡ. ಡಿ6ರಲ್ಲಿ 5 ಅಥವಾ 6 ಬಿದ್ದರೆ ಮಾತ್ರ ಮರಳಿ ಬರುವಂತೆ ಮಾಡಿ, ವ್ಯಾಪ್ತಿ 30 ಅಡಿ ಶಂಕುವಿನ ಆಕಾರ, ಡ್ಯಾಮೇಜ್ 6ಡಿ6. ಮೊದಲ ಸುತ್ತಿನಲ್ಲಿ ಹೆದರಿಕೆ ಹುಟ್ಟಬೇಕು, ಅದಕ್ಕೆ ಇದು ಸಾಕು. ಆಮೇಲೆ ಮೂರರಲ್ಲಿ ಎರಡು ಸಲ ಸರ್ಪ ಕಚ್ಚಲು ಕೆಳಗಿಳಿಯಲೇಬೇಕಾಗುತ್ತದೆ.

ಹಿಟ್ ಪಾಯಿಂಟ್ 55 ಅಥವಾ ಅದಕ್ಕಿಂತ ಕಡಿಮೆಯಾದಾಗ ರೆಕ್ಕೆ ಹರಿಯಿತು ಎಂದು ಘೋಷಿಸಿ: ಅಲ್ಲಿಂದ ಹಾರಾಟದ ವೇಗ 30 ಅಡಿ, ಸರದಿ ಮುಗಿಯುವಾಗ ನೆಲದ ಮೇಲಿರಬೇಕು. ನನ್ನ ಮಟ್ಟಿಗೆ ಇಡೀ ಬದಲಾವಣೆಯಲ್ಲಿ ಅತ್ಯಂತ ಮುಖ್ಯವಾದದ್ದು ಇದೇ. ಕಾಳಗದ ಮೊದಲರ್ಧ ಬಿಲ್ಲು, ಮಂತ್ರದವರದು, ಎರಡನೆಯದು ಕತ್ತಿಯವರದು. ಇದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಿ. ಹರಿದ ರೆಕ್ಕೆಯನ್ನು ಬಣ್ಣಿಸಿ, 'ಇನ್ನು ಮೇಲೆಯೇ ನಿಲ್ಲಲು ಆಗದು' ಎಂದು ಬಾಯಿಬಿಟ್ಟು ಹೇಳಿ.

ಬೀಳುವಿಕೆಗೆ 2017ರ 'ಜಾನಥರ್ಸ್ ಗೈಡ್' ಪುಸ್ತಕದಲ್ಲಿ ಒಂದು ಐಚ್ಛಿಕ ನಿಯಮವಿದೆ: ಪ್ರೋನ್ ಆಗಿದ್ದರೂ ಎಚ್ಚರವಿದ್ದು, ಹಾರಾಟದ ವೇಗ ಉಳಿದಿರುವ ಪ್ರಾಣಿ ಬಿದ್ದರೆ, ಬಿದ್ದ ಎತ್ತರದಿಂದ ಆ ವೇಗವನ್ನು ಕಳೆದು ಡ್ಯಾಮೇಜ್ ಲೆಕ್ಕ ಹಾಕುವುದು. ಇಲ್ಲಿ 30 ಅಡಿಯಲ್ಲಿ 60 ಕಳೆದರೆ ಡ್ಯಾಮೇಜ್ ಇಲ್ಲ, ಆದರೆ ಸರ್ಪ ನೆಲಕ್ಕೆ ಬಂದು ಪ್ರೋನ್ ಆಗಿರುತ್ತದೆ. ಟ್ರಿಪ್ ಅಟ್ಯಾಕ್ ವ್ಯರ್ಥವಾಗುವುದಿಲ್ಲ, ಕಾಳಗವೂ ಮುಗಿದುಹೋಗುವುದಿಲ್ಲ. ವೇಗವನ್ನೇ ಸೊನ್ನೆ ಮಾಡುವ ಮಂತ್ರ ಬಿದ್ದರೆ ಮಾತ್ರ ಪೂರ್ತಿ 3ಡಿ6 ತಟ್ಟುತ್ತದೆ.

ಚಾಲೆಂಜ್ ರೇಟಿಂಗ್ (ಪ್ರಾಣಿ ಎಷ್ಟು ಕಠಿಣ ಎಂಬ ಅಂಕ) ಬಗ್ಗೆ ಒಂದು ಮಾತು. 2014ರ ಡಂಜನ್ ಮಾಸ್ಟರ್ಸ್ ಗೈಡ್ ಪ್ರಕಾರ, ರೇಟಿಂಗ್ 10 ಅಥವಾ ಕಡಿಮೆಯಿರುವ, ಹಾರುತ್ತಲೇ ದೂರದಿಂದ ಹೊಡೆಯಬಲ್ಲ ಪ್ರಾಣಿಯ ಎಸಿಯನ್ನು ಲೆಕ್ಕಕ್ಕೆ ಮಾತ್ರ 2 ಹೆಚ್ಚೆಂದು ಹಿಡಿಯಬೇಕು. ಕೊನೆಯಲ್ಲಿ ಅದು ರೇಟಿಂಗನ್ನು ಅರ್ಧದಷ್ಟು ಮಾತ್ರ ಏರಿಸುತ್ತದೆ. 1ರಿಂದ 4ನೇ ಲೆವೆಲ್‌ಗೆ ಇದು ತೀರಾ ಕಡಿಮೆ. ಅಲ್ಲಿ ಪೂರ್ತಿ ಒಂದು ಏರಿಸಿ. 5ನೇ ಲೆವೆಲ್‌ನಿಂದ ವಿಜರ್ಡ್ ಕೈಗೆ ಫ್ಲೈ ಮಂತ್ರ ಬರುತ್ತದೆ. ಅದು ಕಾನ್ಸಂಟ್ರೇಷನ್ (ಏಕಾಗ್ರತೆ) ಬೇಡುವ ಮಂತ್ರ. ವಿಜರ್ಡ್‌ಗೆ ಪೆಟ್ಟು ಬಿದ್ದು ಸೇವ್ (ತಡೆದುಕೊಳ್ಳಲು ಉರುಳಿಸುವ ದಾಳ) ತಪ್ಪಿದರೆ ಹಾರುತ್ತಿರುವ ಫೈಟರ್ ಬೀಳುತ್ತಾರೆ. ಆಟ ಶುರುವಾಗುವ ಮೊದಲೇ ಇದನ್ನು ನೆನಪಿಸಿ.

ಎತ್ತರ ತೋರಿಸಲು ಸರ್ಪದ ಬೊಂಬೆಯ ಪಕ್ಕ ಒಂದು ಡಿ6 ಇಡಿ: ಮೇಲೆ 3 ಕಂಡರೆ 30 ಅಡಿ. ಓರೆ ದೂರಕ್ಕೆ ಎತ್ತರ ಮತ್ತು ನೆಲದ ದೂರಗಳಲ್ಲಿ ದೊಡ್ಡದನ್ನೇ ತೆಗೆದುಕೊಳ್ಳಿ. ಎತ್ತರ 40, ನೆಲದಲ್ಲಿ 30 ಇದ್ದರೆ ದೂರ 40. ನಿಖರವಾಗಿ ಅಳೆದರೆ 50 ಬರುತ್ತದೆ; ಚೌಕದ ಹಾಳೆಯಲ್ಲಿ ಓರೆ ಹೆಜ್ಜೆಗೂ 5 ಅಡಿಯೇ ಹಿಡಿಯುವವರಿಗೆ 40 ಸರಿಹೊಂದುತ್ತದೆ. ಯಾವುದಾದರೂ ಒಂದನ್ನು ಮೊದಲೇ ನಿಗದಿಮಾಡಿ.

ಪ್ರಶ್ನೆ: ನಮ್ಮ ಆಟಗಾರರು ಪ್ರತಿ ಸಲವೂ 'ರೆಕ್ಕೆಗೇ ಗುರಿಯಿಡುತ್ತೇನೆ' ಎನ್ನುತ್ತಾರೆ. ರೆಕ್ಕೆಗೆ ಬೇರೆ ಹಿಟ್ ಪಾಯಿಂಟ್ ಕೊಡಬಹುದೇ?

ಉತ್ತರ: ಕೊಡಬೇಡಿ. ಒಮ್ಮೆ ಕೊಟ್ಟರೆ ಮುಂದೆ ಯಾರೂ ಬೇರೆಲ್ಲಿಗೂ ಹೊಡೆಯುವುದಿಲ್ಲ, ಅದೇ ನ್ಯಾಯ ಆಟಗಾರರ ಕಣ್ಣಿಗೂ ಕೈಗೂ ಬರುತ್ತದೆ. ಬದಲಿಗೆ ಹೀಗೆ ಮಾಡಿ: ಹಾರುತ್ತಿರುವಾಗ ಒಂದೇ ಏಟಿನಲ್ಲಿ 15 ಅಥವಾ ಹೆಚ್ಚು ಡ್ಯಾಮೇಜ್ ತಗಲಿದರೆ ಪ್ರಾಣಿ ಕಾನ್ಸ್ಟಿಟ್ಯೂಷನ್ ಸೇವ್ ಹಾಕಬೇಕು. ಡಿಸಿ (ಸೇವ್ ಮುಟ್ಟಬೇಕಾದ ಅಂಕ) 10 ಅಥವಾ ಡ್ಯಾಮೇಜಿನ ಅರ್ಧ, ಯಾವುದು ಹೆಚ್ಚೋ ಅದು. ತಪ್ಪಿದರೆ ಕೂಡಲೇ 20 ಅಡಿ ಕೆಳಗಿಳಿಯುತ್ತದೆ, ಬೀಳುವುದಿಲ್ಲ. ಒಂದು ಸುತ್ತಿಗೆ ಒಮ್ಮೆ ಮಾತ್ರ. ಗುರಿಯಿಟ್ಟವರ ಮಾತಿಗೆ ಬೆಲೆ ಸಿಗುತ್ತದೆ, ಕೆಳಗೆ ಕಾಯುತ್ತಿರುವ ಫೈಟರ್‌ಗೂ ಪ್ರಾಣಿ ಹತ್ತಿರವಾಗುತ್ತದೆ.