ಸೂಪರ್ ಬೌಲ್‌ನ ಅಮೆರಿಕನ್ ಜಾಹೀರಾತುಗಳು ಕೆನಡಾದ ಟಿವಿಯಲ್ಲಿ ಯಾಕೆ ಬರುವುದಿಲ್ಲ?

ನೀವು ಕೇಳಿದ್ದು ಇಷ್ಟು: ಟೊರೊಂಟೊ ಪಕ್ಕದ ಬ್ರಾಂಪ್ಟನ್‌ಗೆ ಬಂದು ಇದು ಮೊದಲ ಚಳಿಗಾಲ, ಆಫೀಸಿನವರ ಮನೆಯಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ನೋಡಿದಿರಿ. ನ್ಯೂಜೆರ್ಸಿಯಲ್ಲಿರುವ ತಂಗಿ ವಾಟ್ಸಾಪ್‌ನಲ್ಲಿ ಒಂದೊಂದೇ ಜಾಹೀರಾತಿನ ಬಗ್ಗೆ ಬರೆಯುತ್ತಿದ್ದರೆ ನಿಮ್ಮ ಟಿವಿಯಲ್ಲಿ ಇಲ್ಲಿನ ಬ್ಯಾಂಕು, ಇಲ್ಲಿನ ಮೊಬೈಲ್ ಕಂಪನಿಗಳ ಆಡ್‌ಗಳೇ ಬರುತ್ತಿದ್ದವು. ಗಡಿಯಾಚೆಯ ಬಫಲೋ ಊರಿನ ಅಮೆರಿಕನ್ ಚಾನೆಲ್ ಹಾಕಿದರೂ ಅದೇ ಕತೆ. ಕೇಬಲ್‌ನವರು ಮೋಸ ಮಾಡುತ್ತಿದ್ದಾರಾ, ಇದಕ್ಕೆ ಕಾನೂನು ಒಪ್ಪುತ್ತದಾ, ಅಮೆರಿಕದ ಪ್ರಸಾರವನ್ನೇ ನೋಡಲು ದಾರಿ ಇದೆಯಾ ಅಂತ ನಿಮ್ಮ ಪ್ರಶ್ನೆ.

ಮೋಸ ಅಲ್ಲ. ಕೇಬಲ್‌ನವರು ಹಾಗೆ ಮಾಡಲೇಬೇಕು ಅಂತ ಕಾನೂನೇ ಇದೆ. ಆದರೆ ಆ ಕಾನೂನಿನ ಹಿಂದೆ ಐವತ್ತು ವರ್ಷದ ಜಗಳ ಇದೆ, ಸುಪ್ರೀಂ ಕೋರ್ಟ್ ತೀರ್ಪು ಇದೆ, ಮೂರು ದೇಶಗಳ ವ್ಯಾಪಾರ ಒಪ್ಪಂದವೂ ಇದೆ. ನನಗೆ ಬಹಳ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ರಾತ್ರಿ ಏನಾಯಿತು ಅನ್ನುವುದನ್ನು ನೋಡಿ. ನೀವು ರಿಮೋಟ್‌ನಲ್ಲಿ ಬಫಲೋದ ಚಾನೆಲ್ ನಂಬರನ್ನೇ ಒತ್ತಿದಿರಿ. ಆದರೆ ಆಟ ಮುಗಿಯುವ ತನಕ ಆ ನಂಬರಿನಲ್ಲಿ ನಿಮ್ಮ ಮನೆಗೆ ಬಂದದ್ದು ಕೆನಡಾದ ಸಿಟಿವಿಯ ಸಿಗ್ನಲ್. ಸೂಪರ್ ಬೌಲ್ ನಡೆಸುವ ಅಮೆರಿಕದ ಲೀಗ್ ಎನ್‌ಎಫ್‌ಎಲ್. ಇಲ್ಲಿ ಅದರ ಪ್ರಸಾರದ ಹಕ್ಕು ಕೊಂಡಿರುವುದು ಬೆಲ್ ಮೀಡಿಯಾ, ಸಿಟಿವಿ ಅವರದೇ. ಒಂದೇ ಕಾರ್ಯಕ್ರಮ, ಒಂದೇ ಹೊತ್ತಿಗೆ, ಕೆನಡಾದ ಚಾನೆಲ್‌ನಲ್ಲೂ ಅಮೆರಿಕದ ಚಾನೆಲ್‌ನಲ್ಲೂ ಬರುತ್ತಿದ್ದರೆ, ಕೆನಡಾದ ಚಾನೆಲ್ ಮೊದಲೇ ಕೇಳಿಕೊಂಡಿದ್ದರೆ, ಕೇಬಲ್ ಮತ್ತು ಡಿಶ್ ಕಂಪನಿಗಳು ಅಮೆರಿಕದ ಸಿಗ್ನಲ್ ತೆಗೆದು ಆ ಜಾಗದಲ್ಲಿ ಕೆನಡಾದ್ದನ್ನು ಕೂರಿಸಬೇಕು. ಇದಕ್ಕೆ ಇಲ್ಲಿ ಎಲ್ಲರೂ ಸಿಮ್‌ಸಬ್ ಅನ್ನುತ್ತಾರೆ. ಆಟ ಅಮೆರಿಕದ್ದು, ಕಾಮೆಂಟರಿ ಅಮೆರಿಕದ್ದು, ಹಾಫ್‌ಟೈಮ್ ಶೋ ಅಮೆರಿಕದ್ದು. ಬ್ರೇಕ್ ಬಂದಾಗ ಮಾತ್ರ ದೇಶ ಬದಲಾಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮಿಸ್ಸಿಸಾಗಾದಲ್ಲಿ ನನ್ನ ಗೆಳೆಯರ ಮನೆಯ ಬೇಸ್‌ಮೆಂಟಿಗೆ ಬರಬೇಕು. ಅಲ್ಲಿ ಎರಡು ಟಿವಿ. ಒಂದಕ್ಕೆ ಕೇಬಲ್, ಇನ್ನೊಂದಕ್ಕೆ ಮಾಡಿನ ಮೇಲಿನ ಆಂಟೆನಾ. ಎರಡರಲ್ಲೂ ಬಫಲೋದ ಅದೇ ಫಾಕ್ಸ್ ಚಾನೆಲ್. ಆಂಟೆನಾ ಟಿವಿಯಲ್ಲಿ ಟಚ್‌ಡೌನ್ ಆಗಿ ಮನೆಯವರೆಲ್ಲ ಕೂಗಿದ ಮೇಲೆ, ಕೆಲವು ಸೆಕೆಂಡು ಬಿಟ್ಟು ಕೇಬಲ್ ಟಿವಿಯಲ್ಲಿ ಅದೇ ಟಚ್‌ಡೌನ್. ಆಮೇಲೆ ಬ್ರೇಕ್. ಆಂಟೆನಾದಲ್ಲಿ ಹಾಲಿವುಡ್ ನಟರಿರುವ, ಆ ಒಂದು ರಾತ್ರಿಗಾಗಿಯೇ ಮಾಡಿದ ಜಾಹೀರಾತು. ಕೇಬಲ್‌ನಲ್ಲಿ ವಾರವಿಡೀ ನೋಡಿದ ಅದೇ ಆಡ್‌ಗಳು. ಕೇಬಲ್ ಪರದೆಯ ಮೂಲೆಯಲ್ಲಿ ಸಿಟಿವಿಯ ಲೋಗೋ ಇರುತ್ತದೆ, ಚಾನೆಲ್ ನಂಬರ್ ಬಫಲೋದ್ದೇ ಆಗಿದ್ದರೂ. ಯಾವ ಸಿಗ್ನಲ್ ನೋಡುತ್ತಿದ್ದೀರಿ ಅಂತ ತಿಳಿಯಲು ಆ ಮೂಲೆ ನೋಡಿದರೆ ಸಾಕು.

ಈ ಜಗಳ ಫುಟ್‌ಬಾಲ್‌ನಿಂದ ಹುಟ್ಟಿದ್ದಲ್ಲ, ಒಂಟಾರಿಯೊ ಸರೋವರದಿಂದ ಹುಟ್ಟಿದ್ದು ಅಂದರೂ ತಪ್ಪಿಲ್ಲ. ಬಫಲೋದಲ್ಲಿ ಟಿವಿ ಕೇಂದ್ರ ಶುರುವಾದದ್ದು 1948ರಲ್ಲಿ. ಟೊರೊಂಟೊದಲ್ಲಿ ಕೆನಡಾದ ಸ್ವಂತ ಟಿವಿ ಬಂದದ್ದು 1952ರ ಸೆಪ್ಟೆಂಬರ್‌ನಲ್ಲಿ. ಅಂದರೆ ತಮ್ಮ ದೇಶದಲ್ಲಿ ಚಾನೆಲ್ಲೇ ಇಲ್ಲದ ಕಾಲದಲ್ಲಿ ಇಲ್ಲಿನ ಜನ ಟಿವಿ ಕೊಂಡು, ಆಂಟೆನಾವನ್ನು ಸರೋವರದ ಕಡೆ ತಿರುಗಿಸಿ ಅಮೆರಿಕವನ್ನು ನೋಡುತ್ತಿದ್ದರು. ನಡುವೆ ಎತ್ತರದ ಬೆಟ್ಟ ಯಾವುದೂ ಇಲ್ಲ, ಹೆಚ್ಚಿನದು ಸರೋವರದ ನೀರೇ. ಕೇಬಲ್ ಬಂದ ಮೇಲೆ ಆಂಟೆನಾ ಬೇಡವಾಯಿತು, ಬಫಲೋದ ಚಿತ್ರ ಇನ್ನೂ ಸ್ವಚ್ಛವಾಗಿ ಬರತೊಡಗಿತು. ಟೊರೊಂಟೊದ ಅಂಗಡಿಗಳು ಕೂಡ ಬಫಲೋದ ಚಾನೆಲ್‌ಗೇ ಹೋಗಿ ಜಾಹೀರಾತು ಕೊಡಲು ಶುರು ಮಾಡಿದವು. ಇಲ್ಲಿನ ಚಾನೆಲ್‌ಗಳು ದುಡ್ಡು ಕೊಟ್ಟು ತಂದ ಅಮೆರಿಕನ್ ಕಾರ್ಯಕ್ರಮವನ್ನು ಜನ ಪಕ್ಕದ ಚಾನೆಲ್‌ನಲ್ಲಿ ನೋಡಿದರೆ ಕೊಂಡವರ ಗತಿ ಏನು?

1970ರ ದಶಕದ ಮೊದಲಲ್ಲಿ ಪ್ರಸಾರ ನಿಯಂತ್ರಣ ಆಯೋಗ ಸಿಆರ್‌ಟಿಸಿ ಒಂದು ಗಟ್ಟಿ ಹೆಜ್ಜೆ ಇಟ್ಟಿತು. ಬಫಲೋದ ಸಿಗ್ನಲ್‌ನಿಂದ ಜಾಹೀರಾತುಗಳನ್ನು ಕತ್ತರಿಸಬಹುದು ಅಂತ ಕೇಬಲ್ ಕಂಪನಿಗಳಿಗೆ ಅನುಮತಿ ಕೊಟ್ಟಿತು. ಟೊರೊಂಟೊದಲ್ಲಿ ರಾಜರ್ಸ್ ಕೇಬಲ್ ಹಾಗೆ ಕತ್ತರಿಸಿ ಆ ಜಾಗದಲ್ಲಿ ಸಾರ್ವಜನಿಕ ಪ್ರಕಟಣೆ ಹಾಕಿತು. ಬಫಲೋದವರು ಸುಮ್ಮನಿರಲಿಲ್ಲ, ಕೆನಡಾದ ಕೋರ್ಟಿಗೇ ಬಂದು ದಾವೆ ಹೂಡಿದರು. 1977ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ, 1972ರಿಂದಲೇ, ಸಿಮ್‌ಸಬ್ ನಿಯಮ ಬಂದಾಗಿತ್ತು. ಕೆನಡಾದ ಗ್ರಾಹಕರಿಗಾಗಿ ಗಡಿಯಾಚೆಯ ಚಾನೆಲ್‌ನಲ್ಲಿ ಜಾಹೀರಾತು ಕೊಟ್ಟರೆ ಅದನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವಂತಿಲ್ಲ ಅನ್ನುವ ಕಾನೂನು 1976ರಲ್ಲಿ ಬಂತು.

ಹೀಗೆ ದಶಕಗಟ್ಟಲೆ ನಡೆದುಕೊಂಡು ಬಂತು. ಧಾರಾವಾಹಿಯ ನಡುವಿನ ಆಡ್ ಬದಲಾದರೆ ಯಾರಿಗೂ ಬೇಜಾರಿಲ್ಲ. ಸೂಪರ್ ಬೌಲ್‌ನದ್ದು ಬೇರೆ. ಅಲ್ಲಿ ಜಾಹೀರಾತೂ ಆಟದ ಭಾಗ. 2017ರ ಹೊತ್ತಿಗೆ 30 ಸೆಕೆಂಡಿಗೆ ಸುಮಾರು 50 ಲಕ್ಷ ಡಾಲರ್ ದರ ಇತ್ತು, ಅಷ್ಟು ಕೊಟ್ಟವರು ಮಾಮೂಲಿ ಆಡ್ ತರುವುದಿಲ್ಲ. ಮಾರನೇ ದಿನ ಆಫೀಸಿನಲ್ಲಿ ಮಾತು ಆಟದ ಬಗ್ಗೆ ಎಷ್ಟೋ ಆಡ್ ಬಗ್ಗೆಯೂ ಅಷ್ಟೇ. ಕೆನಡಾದವರು ವರ್ಷ ವರ್ಷವೂ ಸಿಆರ್‌ಟಿಸಿಗೆ ದೂರು ಬರೆದರು, ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದರು. ಕೊನೆಗೆ 2015ರ ಜನವರಿಯಲ್ಲಿ ಆಯೋಗ ಮಣಿಯಿತು: ಉಳಿದೆಲ್ಲಕ್ಕೂ ಸಿಮ್‌ಸಬ್ ಇರಲಿ, ಸೂಪರ್ ಬೌಲ್ ಒಂದಕ್ಕೆ ಬೇಡ.

ಜಾರಿಗೆ ಬಂದದ್ದು 2017ರ ಫೆಬ್ರವರಿ 5ರಂದು. ಹ್ಯೂಸ್ಟನ್‌ನಲ್ಲಿ ನಡೆದ ಆ ಫೈನಲ್ ಮರೆಯುವಂಥದ್ದಲ್ಲ. ಅಟ್ಲಾಂಟ ಫಾಲ್ಕನ್ಸ್ 28–3ರಿಂದ ಮುಂದಿದ್ದರು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅಲ್ಲಿಂದ ಎದ್ದು ಬಂದು ಓವರ್‌ಟೈಮ್‌ನಲ್ಲಿ 34–28ಕ್ಕೆ ಗೆದ್ದರು. ಅಂಥ ಆಟ ಇದ್ದರೂ ಬೆಲ್‌ನ ಚಾನೆಲ್‌ಗಳ ವೀಕ್ಷಕರು ಹಿಂದಿನ ವರ್ಷಕ್ಕಿಂತ ಸುಮಾರು ಶೇ 39ರಷ್ಟು ಕಡಿಮೆಯಾದರು. ಜನರನ್ನು ಹಿಡಿದಿಡಲು ಬೆಲ್ ಒಂದೇ ಆಟವನ್ನು ಸಿಟಿವಿ, ಸಿಟಿವಿ ಟೂ, ಟಿಎಸ್‌ಎನ್ ಮೂರರಲ್ಲೂ ಹಾಕಿತ್ತು, ನೋಡುವವರಿಗೆ ಬಹುಮಾನದ ಸ್ಪರ್ಧೆಯನ್ನೂ ಇಟ್ಟಿತ್ತು. ಆದರೂ ಜನ ಬಫಲೋ ಕಡೆ ಹೋದರು. 2018, 2019ರಲ್ಲೂ ಅಮೆರಿಕದ ಆಡ್‌ಗಳು ಬಂದವು.

ಇಲ್ಲಿಂದ ಮುಂದಿನದ್ದೇ ನನಗೆ ಅತ್ಯಂತ ಮುಖ್ಯ ಅನ್ನಿಸುವ ಭಾಗ. ಬೆಲ್ ಕೋರ್ಟಿಗೆ ಹೋದದ್ದು ಸಹಜ. ಜೊತೆಗೆ ಹೋದದ್ದು ಎನ್‌ಎಫ್‌ಎಲ್! ಅಮೆರಿಕದ ಲೀಗ್ ಬಂದು, ಅಮೆರಿಕದ ಚಾನೆಲ್‌ನ ಸಿಗ್ನಲ್ಲನ್ನು ಕೆನಡಾದವರು ಮುಚ್ಚಲೇಬೇಕು ಅಂತ ವಾದ ಮಾಡಿತು. ಯಾಕೆ ಅಂತ ಯೋಚಿಸಿದರೆ ಇಡೀ ವ್ಯವಹಾರ ಅರ್ಥವಾಗುತ್ತದೆ. ಲೀಗ್‌ಗೆ ಆಟವೇ ಸರಕು, ಆದರೆ ಮಾರುವುದು ಅದನ್ನು ದೇಶ ದೇಶಕ್ಕೆ ಬೇರೆ ಬೇರೆಯಾಗಿ. ಅಮೆರಿಕದ ಹಕ್ಕಿಗೆ ಒಂದು ಬೆಲೆ, ಕೆನಡಾದ ಹಕ್ಕಿಗೆ ಇನ್ನೊಂದು. ಕೆನಡಾದಲ್ಲಿ ನಿಮ್ಮೊಬ್ಬರದೇ ಪ್ರಸಾರ ಅಂತ ಬೆಲ್‌ಗೆ ಮಾತು ಕೊಟ್ಟು ಹಣ ಪಡೆದ ಮೇಲೆ, ಬಫಲೋದ ಚಾನೆಲ್ ಅದೇ ಮನೆಗಳಿಗೆ ನುಗ್ಗಿದರೆ ಮುಂದಿನ ಸಲ ಬೆಲ್ ಅಷ್ಟು ಬೆಲೆ ಕೊಡುತ್ತದಾ? ಕೆನಡಾದ ಚಾನೆಲ್‌ಗಳನ್ನು ಅಮೆರಿಕದಿಂದ ಕಾಪಾಡಲು 1972ರಲ್ಲಿ ಬಂದ ನಿಯಮ ಈಗ ಅಮೆರಿಕದ ಲೀಗ್‌ನ ಆದಾಯವನ್ನೂ ಕಾಯುತ್ತಿದೆ.

ಇದು ಅಮೆರಿಕ ಸರ್ಕಾರದ ಮಟ್ಟಕ್ಕೂ ಹೋಯಿತು. 2018ರ ನವೆಂಬರ್ 30ರಂದು ಅಮೆರಿಕ, ಮೆಕ್ಸಿಕೊ, ಕೆನಡಾ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ, ಕಾರು, ಹಾಲು, ಔಷಧಿಗಳ ಸಾವಿರಾರು ಷರತ್ತುಗಳ ನಡುವೆ, ಸಿಆರ್‌ಟಿಸಿಯ ಆ ಆದೇಶವನ್ನು ಕೆನಡಾ ವಾಪಸ್ ಪಡೆಯಬೇಕು ಅಂತ ನಂಬರ್ ಸಮೇತ ಬರೆದಿದೆ. ಒಂದು ಭಾನುವಾರ ಸಂಜೆಯ ಆಟಕ್ಕಾಗಿ ಮೂರು ದೇಶಗಳ ಒಪ್ಪಂದದಲ್ಲಿ ಒಂದು ಷರತ್ತು!

ಒಪ್ಪಂದ ಜಾರಿಗೆ ಬರುವ ಮೊದಲೇ ಸುಪ್ರೀಂ ಕೋರ್ಟ್ ವಿಷಯ ಮುಗಿಸಿತು. 2019ರ ಡಿಸೆಂಬರ್ 19ರಂದು ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಸಿಆರ್‌ಟಿಸಿ ಬಳಸಿದ ಕಲಮಿನ ಪ್ರಕಾರ ಇಂಥ ಚಾನೆಲ್ಲನ್ನು ಇಂಥ ಷರತ್ತಿನ ಮೇಲೆ ತೋರಿಸಿ ಅಂತ ಕೇಬಲ್‌ನವರಿಗೆ ಹೇಳಬಹುದು. ಒಂದೇ ಒಂದು ಕಾರ್ಯಕ್ರಮವನ್ನು ಹೆಕ್ಕಿ ಆದೇಶ ಹೊರಡಿಸುವ ಅಧಿಕಾರ ಅದರಲ್ಲಿಲ್ಲ ಅಂತ ಬಹುಮತ ಹೇಳಿತು. ಆದೇಶ ಬಿತ್ತು. 2020ರ ಫೆಬ್ರವರಿಯಿಂದ ಸಿಮ್‌ಸಬ್ ವಾಪಸ್ ಬಂತು, ನಿಮ್ಮ ಟಿವಿಗೆ ಬ್ಯಾಂಕಿನ ಆಡ್ ಬಂದದ್ದು ಆ ತೀರ್ಪಿನಿಂದ. ಅದೇ ದಿನ ಅದರ ಜೊತೆಗೆ ಬಂದ, ಸರ್ಕಾರಿ ಸಂಸ್ಥೆಗಳ ನಿರ್ಧಾರವನ್ನು ಕೋರ್ಟ್ ಹೇಗೆ ಪರಿಶೀಲಿಸಬೇಕು ಅಂತ ಹೇಳುವ ವಾವಿಲೋವ್ ತೀರ್ಪು ಇಲ್ಲಿನ ಕಾನೂನು ವಿದ್ಯಾರ್ಥಿಗಳಿಗೆ ಕಡ್ಡಾಯ ಓದು, ಹಾಗಾಗಿ ಸೂಪರ್ ಬೌಲ್ ಪ್ರಕರಣವನ್ನೂ ಅವರು ಬಿಡುವ ಹಾಗಿಲ್ಲ.

ಊರಿನ ಉದಾಹರಣೆ ಬೇಕಾದರೆ ದೂರದರ್ಶನದ ಕ್ರಿಕೆಟ್ ನೆನಪಿಸಿಕೊಳ್ಳಿ. ಮುಖ್ಯ ಪಂದ್ಯಗಳ ಸಿಗ್ನಲ್ ಪ್ರಸಾರ ಭಾರತಿಗೆ ಕೊಡಲೇಬೇಕು ಅಂತ 2007ರಲ್ಲಿ ಕಾನೂನು ಬಂತು. ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಟವರ್ ಮತ್ತು ಸ್ವಂತ ಡಿಟಿಎಚ್‌ಗೆ ಮಾತ್ರ, ಖಾಸಗಿ ಕೇಬಲ್‌ಗೆ ಅಲ್ಲ ಅಂತ 2017ರ ಆಗಸ್ಟ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಹಕ್ಕು ಕೊಂಡವರ ಹಣ ಮತ್ತು ನೋಡುವವರ ಆಸೆಯ ನಡುವಿನ ಜಗ್ಗಾಟ ಅಲ್ಲೂ ಇದೇ.

ನನ್ನ ಅಭಿಪ್ರಾಯ ಕೇಳಿದರೆ, ಸಿಮ್‌ಸಬ್ ಒಟ್ಟಾರೆ ಇರಬೇಕು. ಕೆನಡಾಕ್ಕೆ ತನ್ನದೇ ಫುಟ್‌ಬಾಲ್ ಇದೆ: ಸಿಎಫ್‌ಎಲ್, 110 ಗಜದ ಮೈದಾನ, ಹನ್ನೆರಡು ಜನ, ಚೆಂಡನ್ನು ಮುಂದೆ ಒಯ್ಯಲು ನಾಲ್ಕರ ಬದಲು ಮೂರೇ ಅವಕಾಶ (ಡೌನ್). ಆ ಲೀಗ್‌ಗೆ ಆಧಾರವಾದ ಟಿವಿ ಒಪ್ಪಂದ ಟಿಎಸ್‌ಎನ್‌ನದ್ದು, ಅದೂ ಬೆಲ್‌ನ ಕೈಯಲ್ಲೇ ಇರುವ ಚಾನೆಲ್. ಕೆನಡಾದ ಫುಟ್‌ಬಾಲ್ ಗಡಿ ದಾಟಿ ದಕ್ಷಿಣಕ್ಕೆ ಹೋಗಲು ಎಷ್ಟೋ ಸಲ ನೋಡಿದೆ. 1954ರಲ್ಲೇ ಅಮೆರಿಕದ ಎನ್‌ಬಿಸಿ ಚಾನೆಲ್ ಕೆನಡಾದ ಆಟಗಳನ್ನು ತೋರಿಸಿತ್ತು. 1982ರಲ್ಲಿ ಎನ್‌ಎಫ್‌ಎಲ್ ಆಟಗಾರರು ಮುಷ್ಕರ ಹೂಡಿದಾಗ ಎನ್‌ಬಿಸಿ ಮತ್ತೆ ಸಿಎಫ್‌ಎಲ್ ಹಾಕಿತು, ನೋಡುವವರು ಸಾಲದೆ ಬೇಗ ಕೈಬಿಟ್ಟಿತು. ಆಮೇಲೆ ಇಎಸ್‌ಪಿಎನ್, 2023ರಿಂದ ಸಿಬಿಎಸ್ ಸ್ಪೋರ್ಟ್ಸ್ ನೆಟ್‌ವರ್ಕ್. ಉತ್ತರಕ್ಕೆ ಹರಿಯುವಷ್ಟು ಹಣ, ಜನರ ಗಮನ ಎರಡೂ ದಕ್ಷಿಣಕ್ಕೆ ಎಂದೂ ಹರಿದಿಲ್ಲ. ಇಂಥ ನೆರೆಯವರ ಪಕ್ಕದಲ್ಲಿ ಸ್ವಂತ ಚಾನೆಲ್ ಉಳಿಯಬೇಕಾದರೆ ಏನಾದರೂ ಬೇಲಿ ಬೇಕು.

ಆದರೆ ಬೇಲಿಗೂ ಬೆಲೆ ಇದೆ. ಸಿಮ್‌ಸಬ್ ಸಿಗಬೇಕಾದರೆ ಅಮೆರಿಕದ ಹೊತ್ತಿಗೇ ಹಾಕಬೇಕು, ಹಾಗಾಗಿ ಕೆನಡಾದ ಚಾನೆಲ್‌ಗಳು ತಮ್ಮ ಸಂಜೆಯ ವೇಳಾಪಟ್ಟಿಯನ್ನು ನ್ಯೂಯಾರ್ಕ್‌ನವರ ಕೈಗೆ ಕೊಟ್ಟುಬಿಟ್ಟಿವೆ. ಇಲ್ಲಿನ ಧಾರಾವಾಹಿಗೆ ಉಳಿದ ಜಾಗವೇ ಗತಿ. ಸೂಪರ್ ಬೌಲ್‌ಗೆ ವಿನಾಯಿತಿ ಕೊಟ್ಟದ್ದು ನನಗೆ ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ವರ್ಷಕ್ಕೆ ಒಂದು ರಾತ್ರಿ ಜನ ಕೇಳಿದ್ದನ್ನು ಆಯೋಗ ಕೊಟ್ಟಿತ್ತು. ಆ ಅಧಿಕಾರ ಕಾನೂನಿನಲ್ಲಿ ಇಲ್ಲದಿದ್ದರೆ ಸಂಸತ್ತು ಸೇರಿಸಬಹುದಿತ್ತು, ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಆ ದಾರಿಯೂ ಮುಚ್ಚಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಆಡ್‌ಗಳಷ್ಟೇ ಸಾಕಾದರೆ ಯೂಟ್ಯೂಬ್‌ನಲ್ಲಿ ಅವತ್ತೇ ಸಿಗುತ್ತವೆ, ಎಷ್ಟೋ ಕಂಪನಿಗಳು ಆಟಕ್ಕೂ ಮೊದಲೇ ಹಾಕಿಬಿಡುತ್ತವೆ. ಆಟದ ನಡುವೆ, ತಂಗಿಯ ಜೊತೆಗೇ ನೋಡಬೇಕು ಅಂದರೆ ಆಂಟೆನಾ ಹಾಕಿಸಿ. ನಿಯಮ ಇರುವುದು ಕೇಬಲ್ ಮತ್ತು ಡಿಶ್‌ನವರಿಗೆ, ಗಾಳಿಯಲ್ಲಿ ನೇರವಾಗಿ ಬರುವ ಸಿಗ್ನಲ್‌ಗೆ ಅಲ್ಲ, ಅದನ್ನು ಹಿಡಿಯಲು ಯಾರ ಅಪ್ಪಣೆಯೂ ಬೇಡ, ತಿಂಗಳ ಬಿಲ್ಲೂ ಇಲ್ಲ. ಬ್ರಾಂಪ್ಟನ್ ಸರೋವರದಿಂದ ಸ್ವಲ್ಪ ಒಳಗಿದೆ, ಹಾಗಾಗಿ ಕಿಟಕಿಗೆ ಅಂಟಿಸುವ ತೆಳ್ಳನೆಯ ಹಾಳೆಯಂಥದ್ದನ್ನು ನಂಬಬೇಡಿ. ಮನೆ ಮಾಡಿನ ಮೇಲೆ ಎತ್ತರದಲ್ಲಿ, ಬಫಲೋ ಕಡೆಗೆ ಮುಖ ಮಾಡಿ ಕಟ್ಟಬೇಕು. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ. ಸೂಪರ್ ಬೌಲ್ ಪ್ರತಿ ವರ್ಷ ಒಂದೇ ಜಾಲದಲ್ಲಿ ಬರುವುದಿಲ್ಲ, 2024ರಲ್ಲಿ ಸಿಬಿಎಸ್, 2025ರಲ್ಲಿ ಫಾಕ್ಸ್, 2026ರಲ್ಲಿ ಎನ್‌ಬಿಸಿ, ಹೀಗೆ ಸರದಿ. ಬಫಲೋದಲ್ಲಿ ಇವುಗಳ ಟವರ್‌ಗಳು ಒಂದೇ ಕಡೆ ಇಲ್ಲ, ಒಂದು ಚೆನ್ನಾಗಿ ಬಂದರೆ ಇನ್ನೊಂದೂ ಬರುತ್ತದೆ ಅಂತಿಲ್ಲ. ಆದ್ದರಿಂದ ಆ ವರ್ಷ ಯಾರ ಸರದಿ ಅಂತ ನೋಡಿಕೊಂಡು, ಹಿಮ ಬೀಳುವ ಮೊದಲೇ, ಅಕ್ಟೋಬರ್‌ನ ಯಾವುದಾದರೂ ಭಾನುವಾರದ ಆಟಕ್ಕೆ ಆ ಚಾನೆಲ್ ನಿಲ್ಲುತ್ತದಾ ಅಂತ ಪರೀಕ್ಷಿಸಿ. ಫೆಬ್ರವರಿಯಲ್ಲಿ ಮಾಡು ಹತ್ತಲು ಆಗುವುದಿಲ್ಲ.