ಪ್ರತಿಕ್ರಿಯೆ: ರಿಮೋಟ್ ಕೆವಿಎಂನಲ್ಲಿ ಚಿತ್ರ ಬರುತ್ತದೆ, ಕೀಬೋರ್ಡ್ ಇಲ್ಲ
ಕೆವಿಎಂ (ದೂರದಿಂದಲೇ ಸರ್ವರಿನ ಪರದೆ ನೋಡಿ, ಕೀಬೋರ್ಡ್ ಮೌಸ್ ಓಡಿಸುವ ಪೆಟ್ಟಿಗೆ) ಪೂರ್ತಿ ಕೆಟ್ಟಿರಲಿಕ್ಕಿಲ್ಲ, ಅದರ ಯುಎಸ್‌ಬಿ ಭಾಗ ಹ್ಯಾಂಗ್ ಆಗಿರಬೇಕು. ಕರೆಂಟ್ ಹೋಗಿ ಬಂದ ಮೇಲೆ ಸರ್ವರಿನ ಚಿತ್ರ ಕಾಣುತ್ತದೆ, ಕೀಬೋರ್ಡ್ ಮೌಸ್ ಮಾತ್ರ ಸತ್ತಿದೆ ಅಂದಿರಲ್ವಾ? ಚಿತ್ರಕ್ಕೂ ಕೀಬೋರ್ಡಿಗೂ ಕೇಬಲ್ ಬೇರೆ ಬೇರೆ.

ಮೊದಲು ಮಣಿಪಾಲದಲ್ಲಿ ಕೂತಲ್ಲಿಂದಲೇ ಕೆವಿಎಂನ ವೆಬ್ ಪುಟದಲ್ಲಿ ಯುಎಸ್‌ಬಿ ರೀಸೆಟ್ ಒತ್ತಿ ನೋಡಿ. ಮಾಡೆಲ್ ಬರೆದಿಲ್ಲ, ಹಾಗಾಗಿ ನಿಮ್ಮದರಲ್ಲಿ ಹೆಸರು ಬೇರೆ ಇರಬಹುದು.

ಆಗದಿದ್ದರೆ ಸರ್ವರ್ ಇರುವ ಮಂಗಳೂರು ಆಫೀಸಿನವರಿಗೆ ಫೋನ್ ಮಾಡಿ. ಕೆವಿಎಂನ ಅಡಾಪ್ಟರ್, ಸರ್ವರಿನಿಂದ ಬರುವ ಯುಎಸ್‌ಬಿ ಕೇಬಲ್ ಎರಡನ್ನೂ ಒಟ್ಟಿಗೆ ತೆಗೆಸಿ. ಜಾಸ್ತಿ ಜನ ಎಡವುವುದು ಇಲ್ಲೇ. ಸುಮ್ನೆ ಅಡಾಪ್ಟರ್ ಮಾತ್ರ ಕಿತ್ತರೆ ಹಲವು ಕೆವಿಎಂಗಳು ಸರ್ವರಿನ ಯುಎಸ್‌ಬಿಯಿಂದ 5 ವೋಲ್ಟ್ ಎಳೆದುಕೊಂಡು ಜೀವ ಹಿಡಿದಿರುತ್ತವೆ, ರೀಸ್ಟಾರ್ಟ್ ಆಗುವುದೇ ಇಲ್ಲ. ಅರ್ಧ ನಿಮಿಷ ಬಿಟ್ಟು ಅಡಾಪ್ಟರ್, ಆಮೇಲೆ ಯುಎಸ್‌ಬಿ ಹಾಕಿಸಿ. ಹಬ್ ಬೇಡ, ಸರ್ವರಿನ ಹಿಂದಿನ ಪೋರ್ಟಿಗೇ ನೇರ. ಸರ್ವರ್ ಆಫ್ ಮಾಡುವುದೂ ಬೇಡ.

ಆದರೂ ಬಾರದಿದ್ದರೆ ಕೇಬಲಿನ ಪಿನ್ ನೋಡಿಸಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ನನ್ನದರಲ್ಲಿ ಹಸಿರು ಕಟ್ಟಿತ್ತು, ಹೊಸ ಕೇಬಲ್ ಹಾಕಿದ ಮೇಲೆ ಸರಿಯಾಯಿತು. ಹಾಗೇ ಕೆವಿಎಂ ಅಡಾಪ್ಟರನ್ನೂ ಯುಪಿಎಸ್ ಲೈನಿಗೆ ಹಾಕಿಸಿಬಿಡಿ, ಸರ್ವರಿಗೆ ಮಾತ್ರ ಕೊಟ್ಟಿರುತ್ತಾರೆ.