ಬೆತ್ತಲೆಗೂ ಕಟ್ಟುಪಾಡಿದೆ

ಕಳೆದ ಸಂಚಿಕೆಯಲ್ಲಿ ನ್ಯಾಚುರಿಸ್ಟರ ಬಗ್ಗೆ ಲೇಖನ ಹಾಕಿದ್ದೆವು. ಬಟ್ಟೆಯಿಲ್ಲದೆ ಒಟ್ಟಿಗೆ ಈಜುವ, ಬಿಸಿಲು ಕಾಯುವ ಜನರ ಕಥೆ ಅದು. ಓದಿ ನಿಮಗೆ ಸಿಟ್ಟು ಬಂದಿದೆ. "ಬೆತ್ತಲೆ ಇದ್ದಲ್ಲಿ ಕಾಮ ಇಲ್ಲ ಅಂದರೆ ನಾನು ನಂಬುವುದಿಲ್ಲ. ಇದನ್ನೂ ಒಪ್ಪಿಕೊಂಡರೆ ಕಟ್ಟುಪಾಡು ಅನ್ನುವುದೇ ಉಳಿಯುವುದಿಲ್ಲ" ಎಂದು ಬರೆದಿದ್ದೀರಿ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಟ್ಟುಪಾಡಿನ ಮಾತು. ನ್ಯಾಚುರಿಸ್ಟರ ಜಾಗಗಳಲ್ಲಿ ಅದು ಹೊರಗಿಗಿಂತ ಜಾಸ್ತಿಯೇ ಇರುತ್ತದೆ. ಕೂರುವ ಮೊದಲು ಟವೆಲ್ ಹಾಸಬೇಕು. ಕ್ಯಾಮೆರಾ ತೆಗೆಯುವ ಹಾಗಿಲ್ಲ. ಯಾರನ್ನೂ ನೆಟ್ಟ ನೋಟದಿಂದ ನೋಡಬಾರದು, ಯಾರ ಮೈ ಬಗ್ಗೆಯೂ ಮಾತಾಡಬಾರದು. ಕೆಟ್ಟದಾಗಿ ನಡೆದುಕೊಂಡವರನ್ನು ಆಚೆ ಕಳಿಸುತ್ತಾರೆ. ಬಟ್ಟೆ ತೊಟ್ಟು ತುಂಬಿದ ಬಸ್ಸು ಹತ್ತುವ ಹೆಣ್ಣುಮಗಳಿಗೆ ಇಷ್ಟು ಭರವಸೆ ಯಾರು ಕೊಡುತ್ತಾರೆ, ಹೇಳಿ?

ಇದು ನಿನ್ನೆ ಮೊನ್ನೆ ಬಂದ ಶೋಕಿಯೂ ಅಲ್ಲ. 1891ರಲ್ಲಿ, ಬ್ರಿಟಿಷರ ಕಾಲದಲ್ಲಿ, ಮುಂಬೈ ಹತ್ತಿರದ ಠಾಣೆ ಎಂಬ ಊರಿನಲ್ಲಿ, ಒಬ್ಬ ಇಂಗ್ಲಿಷ್ ನ್ಯಾಯಾಧೀಶ ಇಂಥದ್ದೊಂದು ಪುಟ್ಟ ಕೂಟ ಕಟ್ಟಿದ್ದ. ಸದಸ್ಯರು ಮೂರೇ ಜನ. ಇದು ಬೇರುಬಿಟ್ಟಿದ್ದು ಮಾತ್ರ ಜರ್ಮನಿಯಲ್ಲಿ. ಕಾರ್ಖಾನೆಯ ಹೊಗೆ, ಇಕ್ಕಟ್ಟಾದ ಮನೆ, ಬಿಸಿಲೇ ಕಾಣದ ಮೈ. ಇದರಿಂದ ಬೇಸತ್ತವರು ಗಾಳಿ, ಬೆಳಕು, ನೀರನ್ನು ಹುಡುಕಿ ಹೊರಟರು. ಅವರು ಅದನ್ನು ಕರೆದದ್ದು 'ಫ್ರೈಕೋರ್ಪರ್‌ಕುಲ್ಟೂರ್' ಎಂದು. ಬಂಧನವಿಲ್ಲದ ಮೈಯ ಸಂಸ್ಕೃತಿ ಎಂದರ್ಥ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಇದರ ಮೇಲೆ ನಿಷೇಧ ಹೇರಿದರು. ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯ ಸರ್ಕಾರವೂ 1954ರಲ್ಲಿ ಬಾಲ್ಟಿಕ್ ಕಡಲತೀರದಲ್ಲಿ ಬೆತ್ತಲೆ ಈಜನ್ನು ತಡೆಯಲು ಹೋಯಿತು. ಜನ ಸುಮ್ಮನಿರಲಿಲ್ಲ, ದೂರು ಬರೆದರು. 1956ರಲ್ಲಿ ಸರ್ಕಾರವೇ ನಿಯಮ ತಂದು, ಗುರುತು ಮಾಡಿದ ಜಾಗಗಳಲ್ಲಿ ಆಗಬಹುದು ಎಂದಿತು. ಗಮನಿಸಿ, ಅಲ್ಲಿ ಒಪ್ಪಿಗೆ ಬಂದದ್ದೇ ಕಟ್ಟುಪಾಡಿನ ರೂಪದಲ್ಲಿ. ಎಲ್ಲಿ ಆಗಬಹುದು, ಎಲ್ಲಿ ಆಗದು ಅನ್ನುವುದು ಗೊತ್ತಾದ ಮೇಲೆ ಎರಡೂ ಕಡೆಯವರಿಗೆ ನೆಮ್ಮದಿ.

ಕಾನೂನು ಕೂಡ ಇದೇ ಎಳೆ ಹಿಡಿದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2003ರ ಕಾಯ್ದೆಯಲ್ಲಿ ಬೆತ್ತಲೆ ಇದ್ದ ಮಾತ್ರಕ್ಕೆ ಲೈಂಗಿಕ ಅಪರಾಧವಾಗುವುದಿಲ್ಲ. ಬೇರೆಯವರು ನೋಡಲಿ, ಬೆಚ್ಚಿಬೀಳಲಿ ಅನ್ನುವ ಉದ್ದೇಶದಿಂದ ಗುಪ್ತಾಂಗ ತೋರಿಸಿದರೆ ಅದು ಅಪರಾಧ. ಸ್ಪೇನಿನ ದಂಡ ಸಂಹಿತೆಯಲ್ಲೂ ಸುಮ್ಮನೆ ಬೆತ್ತಲೆ ಇರುವುದು ಅಪರಾಧವಲ್ಲ. ಆದರೂ ಬಾರ್ಸಿಲೋನಾ ನಗರ 2011ರಲ್ಲಿ ಬೀದಿಗಳಲ್ಲಿ ಅದಕ್ಕೆ ತಡೆ ಹಾಕಿತು. ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನೋಡಲು ಇಷ್ಟವಿಲ್ಲದವರ ಕಣ್ಣಮುಂದೆ ಹೋಗಿ ನಿಲ್ಲುವ ಹಕ್ಕು ಯಾರಿಗೂ ಇಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಕಾಮದ ಪ್ರಶ್ನೆಗೆ ಬರುತ್ತೇನೆ. ಕೊನೆಯ ಎರಡು ತಿಂಗಳು ಅಪ್ಪನಿಗೆ ಸ್ನಾನ ಮಾಡಿಸಿದ್ದು ನಾನೇ. ಮೊದಲ ದಿನ ಅವರು ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನಾನೂ ಎಲ್ಲೋ ನೋಡುತ್ತಾ ನೀರು ಹಾಕಿದೆ. ಇಬ್ಬರೂ ತುಟಿ ಬಿಚ್ಚಲಿಲ್ಲ. ನಾಲ್ಕನೇ ದಿನ "ನೀರು ಇಷ್ಟು ಸುಡ್ತಿದೆಯಲ್ಲ, ಗೊತ್ತಾಗಲ್ವಾ ನಿಂಗೆ" ಎಂದು ಬೈದರು. ಅಲ್ಲಿಗೆ ನಾಚಿಕೆ ಮುಗಿಯಿತು. ಎದುರಿಗಿದ್ದದ್ದು ಬೆತ್ತಲೆ ಮೈ ಅನ್ನುವುದೇ ಮರೆತುಹೋಯಿತು. ಅಪ್ಪನ ಬೆನ್ನು, ಅಪ್ಪನ ಮೊಣಕಾಲು, ಅಷ್ಟೇ. ನರ್ಸ್‌ಗಳಿಗೆ ಇದು ದಿನನಿತ್ಯದ ಅನುಭವ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ಬಿಸಿ ಹಬೆಯ ಆ ಕೋಣೆಯಲ್ಲಿ ಮನೆಯವರು, ಗೆಳೆಯರು ಬಟ್ಟೆಯಿಲ್ಲದೆ ಕೂತು ಹರಟುತ್ತಾರೆ. ಕಾಮ ಎಲ್ಲೂ ಹುಟ್ಟುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಬಟ್ಟೆ ತೊಟ್ಟವರ ನಡುವೆಯೂ ಹುಟ್ಟುತ್ತದೆ, ಅಲ್ವಾ? ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಎರಡೂ ಕಡೆ ಕಲಿಯಲೇಬೇಕು.

ಈಗ ನಿಮ್ಮ ಆ ಕೊನೆಯ ಸಾಲು. "ನನ್ನ ಆಪರೇಷನ್ ಆದಮೇಲೆ ಕನ್ನಡಿ ಮುಂದೆ ಬಟ್ಟೆ ಬದಲಿಸುವುದನ್ನೇ ಬಿಟ್ಟಿದ್ದೇನೆ, ಅಂಥದ್ದರಲ್ಲಿ ಈ ಜನ..." ಎಂದು ಬರೆದು, ವಾಕ್ಯ ಮುಗಿಸದೆ ಬಿಟ್ಟಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ನಮ್ಮ ಕಣ್ಣಿಗೆ ಬೀಳುವ ಮೈಗಳೆಲ್ಲ ಜಾಹೀರಾತಿನವು. ಕಲೆ ಇಲ್ಲ, ಹೊಲಿಗೆಯ ಗುರುತಿಲ್ಲ, ಜೋತ ಹೊಟ್ಟೆ ಇಲ್ಲ. ನಿಜವಾದ ಮೈ ಹೇಗಿರುತ್ತದೆ ಎಂದು ನೋಡಿ ತಿಳಿಯುವ ದಾರಿಯೇ ಇಲ್ಲದಾಗ, ನಮ್ಮದೇ ಕೆಟ್ಟದ್ದು ಅಂದುಕೊಳ್ಳುತ್ತೇವೆ. ಮನಶ್ಶಾಸ್ತ್ರಜ್ಞ ಕಿಯಾನ್ ವೆಸ್ಟ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯಾಚುರಿಸ್ಟರ ಕೂಟಗಳಲ್ಲಿ ಹೆಚ್ಚು ಭಾಗವಹಿಸಿದವರಿಗೆ ತಮ್ಮ ಮೈ ಬಗ್ಗೆ ಸಮಾಧಾನ ಹೆಚ್ಚಿತ್ತು, ಬದುಕಿನ ಬಗ್ಗೆಯೂ. ತಮ್ಮ ಮೈ ಒಪ್ಪಿಕೊಂಡವರೇ ಅಲ್ಲಿಗೆ ಜಾಸ್ತಿ ಹೋಗಿರಬಹುದು, ನಿಜ. ಆದರೆ ಕೂಟಕ್ಕೆ ಮೊದಲು, ಆಮೇಲೆ ಕೇಳಿ ನೋಡಿದಾಗಲೂ ವ್ಯತ್ಯಾಸ ಕಂಡಿತ್ತು.

ನೀವು ಯಾವ ಕಡಲತೀರಕ್ಕೂ ಹೋಗಬೇಕಾಗಿಲ್ಲ. ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಮನಸ್ಸಾದ ದಿನ ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ಐದು ನಿಮಿಷ ನಿಂತು ನೋಡಿ. ಆ ಗುರುತಿನ ಮೇಲೆ ಒಮ್ಮೆ ಕೈ ಇಡಿ. ಆಮೇಲೆ ಆ ಅರ್ಧ ವಾಕ್ಯವನ್ನು ಮುಗಿಸಿ ನನಗೆ ಬರೆಯಿರಿ. ಅಚ್ಚು ಹಾಕಬೇಡಿ ಅಂದರೆ ಹಾಕುವುದಿಲ್ಲ.

– ಸಂಪಾದಕ